ವಾರಕ್ಕೊಂದು ಮಾತ್ರೆ

"ಎಲ್ಲಿ, ಆ ಅನ್ನಿ ಅಮ್ಮಾ," ಎಂದು ಹುಡುಗಿ ಟಾರ್ಚ್ ಹಾಕಿದಳು. ಟೈಲರಮ್ಮನ ಬಾಯೊಳಗೆಲ್ಲ ಬಿಳಿ ಹುಣ್ಣು, ಒಸಡಿನಲ್ಲಿ ರಕ್ತ. ಹತ್ತು ದಿನದ ಹಿಂದೆ ಕೀಲುನೋವೆಂದು ಸೇರಿದಾಗ ಈ ಬಾಯಿ ಎಷ್ಟು ಹರಟುತ್ತಿತ್ತು! ಫಾರ್ಮಸಿ ಓದುವವರನ್ನು ತರಬೇತಿಗೆಂದು ವಾರ್ಡಿಗೆ ಕಳಿಸಿದ್ದೂ ಆಗಲೇ. ಯಾರೂ ಮಾತಾಡಿಸದೆ ಗೋಡೆಗಂಟಿ ನಿಂತಿದ್ದ ಹುಡುಗಿಯನ್ನು ಕರೆದು, "ಕೋಟೊಳಗೆ ಕಳೆದೇ ಹೋಗಿದ್ದೀಯಲ್ಲೇ, ಕೊಡಿಲ್ಲಿ," ಎಂದು ಊದಿದ ಬೆರಳುಗಳಲ್ಲೇ ಕೋಟಿನ ಭುಜ ಚಿಕ್ಕದು ಮಾಡಿ ಹೊಲಿದುಕೊಟ್ಟಿದ್ದರು.

"ನೀರೂ ಇಳೀತಿಲ್ಲ ಮಗಳೇ," ಎಂದರು ಈಗ. "ಮಾತ್ರೆ ಮಾತ್ರ ಹೇಗೋ ನುಂಗ್ತಿದ್ದೀನಿ. ಮೊದಲ ದಿನ ನೀನೇ ಹೇಳಿದ್ಯಲ್ಲ, ಒಂದೂ ತಪ್ಪಿಸಬಾರದು ಅಂತ."

ಹುಡುಗಿ ಟಾರ್ಚ್ ಆರಿಸಿದಳು. ಕೀಲುನೋವಿಗೆ ಕೊಡುತ್ತಿದ್ದ ಆ ಹಳದಿ ಮಾತ್ರೆ ವಾರಕ್ಕೆ ಒಂದೇ ಸಲ ಕೊಡುವಂಥದು; ದಿನಾ ಹೋದರೆ ಬಾಯಿ ಹುಣ್ಣಾಗಿ ರಕ್ತವೇ ಕೆಡುತ್ತದೆ. ಚೀಟಿಯಿಂದ ಚಾರ್ಟಿಗೆ ಇಳಿಸುವಾಗ ಯಾರೋ ದಿನಕ್ಕೊಂದು ಎಂದು ಬರೆದಿದ್ದರು. ಡಾಕ್ಟರು ಗಮನಿಸಲಿಲ್ಲ, ನರ್ಸೂ ಗಮನಿಸಲಿಲ್ಲ. ಗಮನಿಸಿದವಳು ಇವಳೊಬ್ಬಳೇ, ಅದೂ ಮಂಗಳವಾರವೇ. ಗಮನಿಸಿ ಮಾಡಿದ್ದೇನು? ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡೆರಡು ಗೆರೆ ಎಳೆದು, ಶನಿವಾರ ಎಲ್ಲರೆದುರು ಕೇಸ್ ಒಪ್ಪಿಸುವಾಗ ಹೇಳೋಣವೆಂದು ಎತ್ತಿಟ್ಟುಕೊಂಡಳು! ಮೊದಲೇ ಬಾಯಿಬಿಟ್ಟರೆ ಹೆಸರೆಲ್ಲ ಸೀನಿಯರ್‌ಗಳ ಪಾಲಾದೀತೆಂಬ ಅಳುಕು. ನಾಲ್ಕು ದಿನದಲ್ಲಿ ಏನು ಮಹಾ ಮುಳುಗಿಹೋಗುತ್ತದೆ ಎಂದುಕೊಂಡಿದ್ದಳು.

ಇವತ್ತು ಶನಿವಾರ. ಓಡಿಹೋಗಿ ನರ್ಸಿಗೆ ಹೇಳಿದಳು. ಮಾತ್ರೆ ನಿಂತಿತು, ಡಾಕ್ಟರು ಬಂದರು, ರಕ್ತ ತೆಗೆದರು. ವರದಿ ನೋಡಿದವರೇ ಟೈಲರಮ್ಮನನ್ನು ಐಸಿಯುಗೆ ಸಾಗಿಸಲು ಹೇಳಿದರು. ಟ್ರಾಲಿ ಹೊರಡುವಾಗ ಅವರು ಇವಳತ್ತ ಕೈಯೆತ್ತಿದರು. ಇವಳಿಗೆ ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

ಮಧ್ಯಾಹ್ನ ಪಾಠದ ಮೇಡಂ ಅವಳ ನೋಟ್‌ಬುಕ್ ತೆರೆದರು. "ಪರವಾಗಿಲ್ವೇ! ಅಷ್ಟು ಜನರ ಕಣ್ಣಿಗೆ ಬೀಳದ್ದು ನಿನಗೆ ಬಿದ್ದಿದೆ," ಎನ್ನುತ್ತಿದ್ದವರ ಬೆರಳು ತಾರೀಖಿನ ಮೇಲೆ ನಿಂತಿತು. "ಇದು ಮಂಗಳವಾರ ಬರೆದಿದ್ದಾ?"

"ಹೂಂ ಮೇಡಂ."

ಮೇಡಂ ನೋಟ್‌ಬುಕ್ ಮುಚ್ಚಿ, ಮೇಜಿನ ಮೇಲೇ ಅವಳ ಕಡೆ ದೂಡಿದರು.

ಸೋಮವಾರ ಆ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಟೈಲರಮ್ಮ ನಿನ್ನೆಯೇ ಐಸಿಯುನಲ್ಲಿ ತೀರಿಕೊಂಡರು ಎಂದು ನರ್ಸ್ ಹೇಳಿದರು. ಹುಡುಗಿ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಕೋಟು ಬಿಚ್ಚಿದಳು. ಭುಜದ ಹೊಲಿಗೆಯನ್ನು ಎರಡೂ ಕೈಯಿಂದ ಹಿಡಿದು ಎಳೆದಳು, ಉಗುರು ಹಾಕಿ ಕಿತ್ತು ನೋಡಿದಳು. ಒಂದು ಎಳೆಯೂ ಬಿಡಲಿಲ್ಲ.