ಬಿಸಿಲು ಬಂದರೆ ಹೋಗುವ ಮಂಜು

ಏಪ್ರಿಲಿನ ಬಿಸು ಹಬ್ಬ ಕಳೆದು ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಬರುವ ತನಕ ಸವಣೂರು ಪೇಟೆಯಲ್ಲಿ ಮಾತಿಗೆ ಇರುವುದು ಒಂದೇ ವಿಷಯ, ಸೆಕೆ. ಆ ವರ್ಷವಂತೂ ನೀಲಾವತಿಯ ಕ್ಯಾಂಟೀನಿಗೆ ಚಾ ಕುಡಿಯಲು ಬಂದವರೆಲ್ಲ ತಂತಮ್ಮ ಊರಿನ ಹವೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದರು. ಬೆಟ್ಟಂಪಾಡಿಯವರು ಅಡಿಕೆಯ ಎಳೆಗಾಯಿ ಬಿಸಿಲಿಗೆ ಬೆಂದು ಉದುರಿದ್ದನ್ನು ಹೇಳಿದರೆ, ಅಜ್ಜಾವರದವರು ಆಲಿಕಲ್ಲು ಬಿದ್ದು ಹಂಚು ಪುಡಿಯಾದದ್ದನ್ನು ಹೇಳಿದರು. ಕಡಬದವರದ್ದು ಗಾಳಿಯ ಕತೆ: ರಬ್ಬರ್ ಮರಗಳು ನಡು ಮುರಿದುಕೊಂಡು ಮಲಗಿದವಂತೆ. ಯಾರ ಊರಿನ ಹವೆ ಹೆಚ್ಚು ಕೆಟ್ಟಿದೆ ಎಂದು ಪೈಪೋಟಿ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಸುತ್ತಿ ಮೀನು ಮಾರುವ ಮೂಸಕುಂಞಿಯೇ ಅದಕ್ಕೆ ತೀರ್ಪುಗಾರ.

“ಪುತ್ತೂರಲ್ಲಿ ಬೆಂಕಿ, ಸುಳ್ಯದಲ್ಲಿ ಕಲ್ಲು, ಕಡಬದಲ್ಲಿ ಗಾಳಿ. ನನ್ನ ಪೆಟ್ಟಿಗೆಯ ಐಸಿಗೆ ಮಾತ್ರ ಭೇದ ಇಲ್ಲ ಮಾರಾಯ್ರೆ, ಎಲ್ಲ ಕಡೆ ಒಂದೇ ನಮೂನೆ ಕರಗ್ತದೆ,” ಎನ್ನುತ್ತಿದ್ದ ಅವನು.

“ಆ ಕರಗಿದ ನೀರನ್ನೂ ಮೀನಿನೊಟ್ಟಿಗೆ ತೂಗುದಲ್ವಾ ಬ್ಯಾರಿಗಳೇ ನೀವು?” ಎಂದು ನೀಲಾವತಿ ಒಲೆಯ ಹತ್ತಿರದಿಂದಲೇ ಚುಚ್ಚುತ್ತಿದ್ದಳು. ಆಮೇಲೆ ತನ್ನ ತುರುಫು ಇಳಿಸುತ್ತಿದ್ದಳು. “ನಿಮ್ಮದೆಲ್ಲ ಎಂತ ಹವೆ? ನಮ್ಮವರು ಇರುವಲ್ಲಿ ಕೊಡಪಾನದ ನೀರು ಬೆಳಿಗ್ಗೆ ಎದ್ದು ನೋಡಿದ್ರೆ ಕಲ್ಲು!”

ಅಲ್ಲಿಗೆ ಪೈಪೋಟಿ ಮುಗಿಯುತ್ತಿತ್ತು. ಅವಳ ಗಂಡ ಉದಯ ಹಿಮಾಲಯದ ಒಂದು ಕಣಿವೆಯಲ್ಲಿ ರಸ್ತೆಗೆಂದು ಕೊರೆಯುತ್ತಿದ್ದ ಸುರಂಗದಲ್ಲಿ ಕೂಲಿಯಾಗಿದ್ದ. ಆ ಜಾಗದ ಹೆಸರು ನೀಲಾವತಿಯ ನಾಲಗೆಗೆ ಹತ್ತಲೇ ಇಲ್ಲ. ಅವಳ ಪಾಲಿಗೆ ಅದು ‘ಅಲ್ಲಿ’. ಸವಣೂರು ‘ಇಲ್ಲಿ’.

ಉದಯನಿಗೆ ಸುರಂಗ ಹೊಸತಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ಒರತೆ ಹಿಡಿಯುವುದು ಅವನ ಅಪ್ಪನ ಕಾಲದ ಕಸುಬು. ಈ ಸೀಮೆಯ ಎಷ್ಟೋ ತೋಟಗಳು ನೀರು ಕುಡಿದದ್ದೇ ಹಾಗೆ. ಅಂಗಳಕ್ಕೊಂದು ಬೋರ್‌ವೆಲ್ ಇಳಿದ ಮೇಲೆ ಗುಡ್ಡಗಳ ಹೊಟ್ಟೆ ಒಣಗಿತು, ಅಗೆಯುವವನ ಹೊಟ್ಟೆಯೂ ಒಣಗಿತು. ಪುತ್ತೂರಿನಲ್ಲಿ ಆಫೀಸು ಇಟ್ಟುಕೊಂಡು ಹೊರಗಿನ ಕಂಪೆನಿಗಳಿಗೆ ಆಳು ಕಳಿಸುವ ಕೃಷ್ಣಮೋಹನ ಆಗ ಮನೆಗೆ ಬಂದು, “ಅಲ್ಲಿಯೂ ಸುರಂಗವೇ ಉದಯಣ್ಣ, ಇಲ್ಲಿ ನೀರಿಗೆ ಕೊರೆಯುದು, ಅಲ್ಲಿ ವಾಹನಕ್ಕೆ, ಅಷ್ಟೇ ವ್ಯತ್ಯಾಸ,” ಎಂದು ನಗೆಯಾಡಿ ಕರೆದುಕೊಂಡು ಹೋದ. ಜೊತೆಗೆ ಬೆಟ್ಟಂಪಾಡಿಯ ಮಾಯಿಲಪ್ಪನೂ ಹೋದ.

ದಿನಾ ಸಂಜೆ ಕ್ಯಾಂಟೀನಿನ ಬಾಗಿಲು ಅರ್ಧ ಎಳೆದ ಹೊತ್ತಿಗೆ ಫೋನು ಬರುತ್ತಿತ್ತು. ಗಂಡಹೆಂಡಿರ ಮಾತೂ ಹವೆಯದ್ದೇ.

“ಅಲ್ಲಿ ಹೇಗುಂಟು?”

“ಗಾಳಿ. ಕಿವಿ ಹರಿಯುವ ಗಾಳಿ. ಇಲ್ಲಿ... ಅಲ್ಲ, ಅಲ್ಲಿ?”

“ಇಲ್ಲಿ ಸೆಕೆ.”

ಮಕ್ಕಳಿಲ್ಲದ ಮನೆ, ಕೇಳಲು ಬೇರೆ ಸುದ್ದಿಯಿಲ್ಲ. ನೆನಪಾಗುತ್ತದೆ, ಹಾಸಿಗೆಯ ಆಚೆ ಬದಿ ಬರಿದಾಗಿ ಕಾಣುತ್ತದೆ ಎಂದೆಲ್ಲ ಹೇಳಲು ಇಬ್ಬರಿಗೂ ಬಾಯಿ ಬಾರದು. ಅಲ್ಲಿ ಗಾಳಿ, ಇಲ್ಲಿ ಸೆಕೆ. ಅಷ್ಟರಲ್ಲೇ ಎಲ್ಲ ಹೇಳಿ ಮುಗಿಯುತ್ತಿತ್ತು.

ಆ ಸಂಜೆ ಉದಯನ ದನಿಯಲ್ಲಿ ಸ್ವಲ್ಪ ಅವಸರವಿತ್ತು.

“ನೀಲಾ, ಇಲ್ಲಿ ಮಂಜು ಬೀಳ್ಲಿಕ್ಕೆ ಶುರುವಾಗಿದೆ. ಈ ತಿಂಗಳಲ್ಲಿ ಹೀಗೆ ಬೀಳುದಿಲ್ಲವಂತೆ. ಇಲ್ಲಿಯವರೇ ಹೆದರಿದ್ದಾರೆ.”

“ಮಂಜಾ? ನಿಮ್ಮ ಪುಣ್ಯ. ಇಲ್ಲಿ ಸೆರಗು ಹಿಂಡಿದ್ರೆ ಒಂದು ಚೆಂಬು ಬೆವರು ಸಿಕ್ಕೀತು.”

“ಹಾಗಲ್ಲ ಮಾರಾಯ್ತಿ. ಇಂಜಿನಿಯರ್‌ಗಳೆಲ್ಲ ನಿನ್ನೆಯೇ ಜೀಪಲ್ಲಿ ಇಳಿದು ಹೋದ್ರು. ನಮ್ಮನ್ನು ಕೊರೆಯುವ ಮಿಶನ್ ಕಾಯ್ಲಿಕ್ಕೆ ಅಂತ ಬಿಟ್ಟಿದ್ದಾರೆ. ನಡೆದುಕೊಂಡಾದ್ರೂ ಇಳಿಯುವಾ ಅಂತ ಮಾಯಿಲಪ್ಪ ಹೇಳ್ತಾನೆ. ನಾನೂ ಇಳಿಲಾ?”

ಈ ಸೀಮೆಯಲ್ಲಿ ಮಂಜು ಎಂದರೆ ಏನು? ಚಳಿಗಾಲದ ಬೆಳಿಗ್ಗೆ ತೋಟದ ಮೇಲೆ ಹಾಲಿನ ಕೆನೆಯ ಹಾಗೆ ಕೂತು, ಹೊತ್ತೇರಿದಂತೆ ಹೇಳದೆ ಕೇಳದೆ ಎದ್ದು ಹೋಗುವ ವಸ್ತು. ಅಂಗಳದ ಅಡಿಕೆಗೆ ಬಿದ್ದೀತೆಂದು ಟರ್ಪಾಲು ಮುಚ್ಚುತ್ತಾರೆ. ಗೇರಿನ ಹೂ ಕರಟೀತೆಂದು ಬಯ್ಯುತ್ತಾರೆ. ಅದಕ್ಕಿಂತ ದೊಡ್ಡ ಅಪರಾಧವನ್ನು ಮಂಜು ಇಲ್ಲಿ ಮಾಡಿದ್ದಿಲ್ಲ. ಹಿಮ ಎಂಬ ಇನ್ನೊಂದು ಮಾತು ಶಾಲೆಯ ಪುಸ್ತಕದಲ್ಲಿ ಇದೆ ನಿಜ. ಆದರೆ ಹೆಂಡತಿಗೆ ಫೋನು ಮಾಡುವವನು ಪುಸ್ತಕದ ಮಾತು ಹುಡುಕುತ್ತಾನೆಯೇ? ಉದಯ ಮನೆಯ ಮಾತನ್ನೇ ಹೇಳಿದ. ನೀಲಾವತಿ ಮನೆಯ ಮಂಜನ್ನೇ ಕಂಡಳು.

“ಮಂಜಿಗೆ ಹೆದರಿ ಓಡಿ ಬಂದ್ರು ಅಂತ ಕೇಳಿದವರು ನಗಾಡ್ಲಿಕ್ಕಿಲ್ವಾ? ಬಿಸಿಲು ಬಂದ್ರೆ ಹೋಗ್ತದೆ ಅದು. ತಲೆಗೊಂದು ಬೈರಾಸು ಕಟ್ಟಿಕೊಳ್ಳಿ.”

ಉದಯ ನಕ್ಕ. “ಅದೂ ಹೌದು,” ಎಂದ. ಲೈನು ಕಡಿಯಿತು.

ಮರುದಿನ ಕ್ಯಾಂಟೀನಿನಲ್ಲಿ ಇದೇ ತಮಾಷೆ. ಒಂದು ಗೋಣಿ ಮಂಜು ತುಂಬಿಸಿ ರೈಲಿಗೆ ಹಾಕಲು ಹೇಳಿ ನೀಲಕ್ಕ ಎಂದರು ಒಬ್ಬರು. ಅವಳೂ ನಕ್ಕಳು. ಆ ಸಂಜೆ ಫೋನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಇವಳು ಮಾಡಿದರೆ ಹಿಂದಿಯಲ್ಲಿ ಒಬ್ಬ ಹೆಂಗಸು ಏನೋ ಹೇಳಿ ಇಡುತ್ತಿದ್ದಳು.

ಮೂಸಕುಂಞಿ ಮೀನಿನ ಗಾಡಿ ನಿಲ್ಲಿಸಿ, ಚಾ ಕೇಳದೆ, ಮೊಬೈಲು ಹಿಡಿದು ಒಳಗೆ ಬಂದ. “ಅಕ್ಕ, ಇದು ಉದಯಣ್ಣ ಇರುವ ಜಾಗ ಅಲ್ವಾ? ಹೆಸರು ಹಾಗೆಯೇ ಹೇಳ್ತಾರೆ.”

ನೀಲಾವತಿ ನೋಡಿದಳು. ಉಪ್ಪಿನ ರಾಶಿ ಸುರಿದ ಹಾಗೆ ಬೆಳ್ಳಗಿನ ನೆಲ. ನಡುವೆ ಒಂದು ಕರೆಂಟು ಕಂಬದ ತಲೆ ಮಾತ್ರ.

“ಅಲ್ಲ. ಅವರಲ್ಲಿ ಬೀಳುದು ಮಂಜು.”

“ಇದೇ ಮಂಜು ಅಕ್ಕ.”

“ಇದು ಮಂಜಾ? ಮಂಜಿನಾಚೆ ಮರ ಕಾಣ್ತದೆ. ಕೈ ಹಾಕಿದ್ರೆ ಕೈಗೆ ಎಂತದೂ ಸಿಗುದಿಲ್ಲ.”

ಮೂಸಕುಂಞಿ ಮೊಬೈಲು ಕಿಸೆಗೆ ಹಾಕಿದ. ಅವಳನ್ನು ಹೊರಗೆ ಕರೆದು ಗಾಡಿಯ ಪೆಟ್ಟಿಗೆಯ ಮುಚ್ಚಳ ತೆಗೆದ. ಪುಡಿ ಐಸಿನ ರಾಶಿ. ಎಲ್ಲೋ ಒಂದು ಬಾಲ ಹೊರಗೆ ಇಣುಕುತ್ತಿತ್ತು. ನೀಲಾವತಿ ಕೈ ತೂರಿಸಿದಳು. ಮೊಣಕೈ ತನಕ ಹೋಯಿತು. ಬೆರಳು ಮೊದಲು ಉರಿಯಿತು, ಆಮೇಲೆ ತನ್ನದಲ್ಲ ಎನ್ನುವ ಹಾಗಾಯಿತು. ತಳದಲ್ಲಿ ತಣ್ಣಗೆ ಬಿಗಿದುಕೊಂಡಿದ್ದ ಒಂದು ಮೀನು ಅಂಗೈಗೆ ತಾಗಿತು. ಅವಳು ಕೈ ತೆಗೆಯಲೇ ಇಲ್ಲ. ಮೂಸಕುಂಞಿಯೇ ಮಣಿಕಟ್ಟು ಹಿಡಿದು ಎಳೆದ.

ಪುತ್ತೂರಿಗೆ ಬಸ್ಸು ಹತ್ತಿದಾಗ ಅವಳ ಸೆರಗಿಗೆ ಮೀನಿನ ವಾಸನೆ ಇತ್ತು.

ಕೃಷ್ಣಮೋಹನನ ಆಫೀಸಿನಲ್ಲಿ ಎಸಿ ಗುಂಯ್‌ಗುಡುತ್ತಿತ್ತು. ಅವನು ಎದ್ದು ನಿಂತು ಕುರ್ಚಿ ಕೊಟ್ಟ, ನೀರು ತರಿಸಿದ. ಮರ್ಯಾದೆಗೆ ಕೊರತೆಯಿಲ್ಲ, ಇಂಥವರು ಮರ್ಯಾದೆಯನ್ನು ಕೈಯಿಂದ ಖರ್ಚಿಲ್ಲದೆ ಕೊಡುತ್ತಾರೆ.

“ಅಕಾಲದ ಹಿಮ ಅಕ್ಕ. ಅಲ್ಲಿಯ ಮುದುಕರೂ ಕಂಡದ್ದಿಲ್ಲವಂತೆ. ಗುಡ್ಡದಿಂದ ಜಾರಿ ಬಂದು ಸುರಂಗದ ಬಾಯಿಯೇ ಮುಚ್ಚಿದೆ. ಇವರೆಲ್ಲ ಒಳಗೆ ಹೋಗಿ ಕೂತಿದ್ರು.”

ನೀಲಾವತಿಗೆ ಅದು ಸಹಜವಾಗಿಯೇ ಕೇಳಿತು. ಸಿಡಿಲು ಗುಡುಗು ಬಂದಾಗೆಲ್ಲ ಉದಯ ಓಡಿ ಹೋಗಿ ಕೂರುತ್ತಿದ್ದದ್ದು ಮನೆಯ ಹಿಂದಿನ ಸುರಂಗದಲ್ಲೇ. ಒಳಗೆ ಬೆಚ್ಚಗೆ ಇರುತ್ತದೆ ಬಾ ಎಂದು ಮದುವೆಯಾದ ಹೊಸದರಲ್ಲಿ ಅವಳನ್ನೂ ಕರೆದುಕೊಂಡು ಹೋಗಿದ್ದ.

“ಬಾಯಿ ಮುಚ್ಚಿದ್ರೆ ತೆಗೀಬೇಕಲ್ಲ? ತೆಗೀತಾ ಇದ್ದಾರಾ?”

“ಈಗ ಆಗುದಿಲ್ಲ. ಮೇಲಿಂದ ಇನ್ನೂ ಜಾರ್ತಾ ಉಂಟಂತೆ. ಹಿಮ ಕರಗಿದ ಮೇಲೆ...”

“ಮಿಶನ್ ಉಂಟಲ್ಲ ಅಲ್ಲಿ? ಅದನ್ನು ಕಾಯ್ಲಿಕ್ಕೆ ಅಲ್ವಾ ಇವರನ್ನು ಬಿಟ್ಟದ್ದು?”

ಕೃಷ್ಣಮೋಹನ ಮೇಜಿನ ಗಾಜು ಒರೆಸಿದ. “ಮಿಶನನ್ನು ಹಿಮ ಜಾರುವ ಮೊದಲೇ ಎಳೆದು ಕೆಳಗೆ ತಂದಿದ್ದಾರೆ. ಕೋಟಿಯ ಮಾಲು ಅಕ್ಕ ಅದು.”

ಕಾಯುವವರನ್ನು ಒಳಗೆ ಬಿಟ್ಟು ಕಾಯಿಸಿಕೊಂಡದ್ದನ್ನು ಎಳೆದು ತಂದಿದ್ದರು. ಇಷ್ಟನ್ನು ಹೇಳುವಾಗ ಅವನ ನಾಲಗೆ ತಡವರಿಸಲಿಲ್ಲ.

“ಎಲ್ಲ ಕಡೆ ಹವೆ ಕೆಟ್ಟಿದೆ ನೀಲಾವತಿಯಕ್ಕ,” ಎಂದ ಸಮಾಧಾನದ ದನಿಯಲ್ಲಿ. “ನಮ್ಮ ಸುಳ್ಯದಲ್ಲಿ ಆಲಿಕಲ್ಲು ಬೀಳ್ಲಿಲ್ವಾ? ಕಡಬದಲ್ಲಿ ಗಾಳಿ ಬರ್ಲಿಲ್ವಾ? ಅದಕ್ಕೆ ಯಾರ ಹತ್ರ ಜಗಳಕ್ಕೆ ಹೋಗುದು? ಹಾಗೆಯೇ ಇದು.”

ಅಲ್ಲಿಯದ್ದನ್ನೂ ಇಲ್ಲಿಯದ್ದನ್ನೂ ಹೋಲಿಸುವುದು ಅವಳ ಕ್ಯಾಂಟೀನಿನಲ್ಲಿ ಹೊತ್ತು ಕಳೆಯುವ ಆಟ. ಅದೇ ಆಟವನ್ನು ಈ ಮನುಷ್ಯ ಕುತ್ತಿಗೆ ಕೊಯ್ಯಲು ಬಳಸುತ್ತಿದ್ದ. ಹಂಚು ಒಡೆಯುವುದೂ, ಮಿಶನ್ ಉಳಿಸಿಕೊಂಡು ಜನರನ್ನು ಸಾಯಲು ಬಿಡುವುದೂ ಒಂದೇ ಹವೆಯ ಲೆಕ್ಕಕ್ಕೆ! ನೀಲಾವತಿ ಕುರ್ಚಿಯ ತುದಿಗೆ ಸರಿದಳು.

“ಹಿಮ ಇಂಜಿನಿಯರ್‌ಗಳ ಮೇಲೆ ಯಾಕೆ ಬೀಳ್ಲಿಲ್ಲ? ಅವರಿಗೆ ಹಿಂದಿನ ದಿನವೇ ಗೊತ್ತಿತ್ತಲ್ಲ?”

ಕೃಷ್ಣಮೋಹನನ ಮುಖದ ಮರ್ಯಾದೆ ಒಂದು ಕ್ಷಣ ಕಳಚಿತು. “ಉದಯಣ್ಣನಿಗೂ ಗೊತ್ತಿತ್ತಲ್ಲ? ಇಳಿಲಾ ಅಂತ ನಿಮ್ಮನ್ನು ಕೇಳ್ಲಿಲ್ವಾ? ಬಿಸಿಲು ಬಂದ್ರೆ ಹೋಗ್ತದೆ, ಅಲ್ಲೇ ಇರಿ ಅಂದದ್ದು ಯಾರು? ನಡೆದು ಇಳಿದು ಬಂದ ಮಾಯಿಲಪ್ಪ ಆಸ್ಪತ್ರೆಯಿಂದ ಫೋನಲ್ಲಿ ಎಲ್ಲ ಹೇಳಿದ್ದಾನೆ. ನಾನು ಇಷ್ಟು ಹೊತ್ತು ಎತ್ಲಿಲ್ಲ, ನಿಮಗೆ ಬೇಜಾರಾಗ್ತದೆ ಅಂತ.”

ನೀಲಾವತಿ ಗ್ಲಾಸಿನ ನೀರು ಪೂರ್ತಿ ಕುಡಿದು ಎದ್ದು ಬಂದಳು. ಕುಡಿದದ್ದು ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ.

ಮಾಯಿಲಪ್ಪ ಊರಿಗೆ ಬಂದದ್ದು ಹಿಮದಲ್ಲಿ ಮರಗಟ್ಟಿದ ಕಾಲಿನ ಬೆರಳುಗಳನ್ನು ಅಲ್ಲೇ ಬಿಟ್ಟು. ಮೂಸಕುಂಞಿ ಅವನನ್ನು ಗಾಡಿಯಲ್ಲಿ ಕೂರಿಸಿ ಕ್ಯಾಂಟೀನಿಗೆ ಕರೆದು ತಂದ. ನೀಲಾವತಿ ಬೆಂಚಿನ ಎದುರು ನಿಂತಳು.

“ನಾನು ಹೇಳಿದ್ದಕ್ಕೆ ಅವರು ನಿಂತದ್ದಾ ಮಾಯಿಲಪ್ಪ? ಸುಳ್ಳು ಹೇಳ್ಬೇಡ.”

“ಮಿಶನ್ ಎಳೆದುಕೊಂಡು ಹೋದವರು ಕ್ಯಾಂಪಿನ ಗೇಟಿಗೆ ಬೀಗ ಹಾಕಿ ಹೋಗಿದ್ರು ಅಕ್ಕ, ಉಳಿದ ಮಾಲು ಕದ್ದು ಓಡ್ತೇವೆ ಅಂತ. ಮುಳ್ಳುತಂತಿ ಬೇರೆ. ನಾನು ಹಾರಿ ಬಂದದ್ದು.”

“ಅವರಿಗೂ ಹಾರ್ಲಿಕ್ಕೆ ಆಗ್ತಿತ್ತಲ್ಲ?”

ಮಾಯಿಲಪ್ಪ ಚಾದ ಲೋಟದೊಳಗೆ ನೋಡಿದ. “ಗೇಟಿನ ತನಕ ಬಂದಿದ್ರು. ನೀವು ಬರುದಿಲ್ವಾ ಅಂತ ನಾವು ಕೇಳುವಾಗ ನಗಾಡಿದ್ರು. ‘ನೀಲಾ ಹೇಳ್ತಾಳೆ, ಬಿಸಿಲು ಬಂದ್ರೆ ಹೋಗ್ತದೆ ಅಂತೆ.’ ಎಲ್ಲರೂ ನಗಾಡಿದೆವು. ಆ ಚಳಿಯಲ್ಲಿ ನಿಮ್ಮ ಮಾತೊಂದೇ ಬೆಚ್ಚಗೆ ಇದ್ದದ್ದು ಅಕ್ಕ.”

ಮಾಯಿಲಪ್ಪನಿಗೆ ಕೆಟ್ಟ ಮನಸ್ಸಿಲ್ಲ. ಒಳ್ಳೆಯ ಮಾತು ಎಂದುಕೊಂಡೇ ಹೇಳಿದ. “ಬೀಗ ಹಾಕಿದವರನ್ನು ಹಿಡಿಯುವಾ ಅಕ್ಕ, ಕಂಪ್ಲೇಂಟು ಕೊಡುವಾ, ನಾನು ಸಾಕ್ಷಿ ಹೇಳ್ತೇನೆ,” ಎಂದು ಮೇಜು ಗುದ್ದಿದ. ಮೂಸಕುಂಞಿಯೂ ದನಿಗೂಡಿಸಿದ. ಇಬ್ಬರೂ ಠಾಣೆಗೆ ಹೋದರು. ಠಾಣೆಯವರು, ನಡೆದದ್ದು ಬೇರೆ ರಾಜ್ಯದಲ್ಲಿ, ಅಲ್ಲಿಗೇ ಹೋಗಿ ಕೊಡಿ ಎಂದರು. ಬೆರಳಿಲ್ಲದ ಕಾಲಲ್ಲಿ ಹಿಮಾಲಯಕ್ಕೆ! ಬೀಗ ಕಂಪೆನಿಯದ್ದು, ಮಾತು ನೀಲಾವತಿಯದ್ದು. ಬೀಗ ಹಾಕಿದವರಿಗೆ ಯಾರೂ ಶಿಕ್ಷೆ ಕೊಡಲಿಲ್ಲ. ಮಾತಾಡಿದವಳು ತನಗೆ ತಾನೇ ಕೊಟ್ಟುಕೊಂಡಳು.

ಕ್ಯಾಂಟೀನಿನ ಪೈಪೋಟಿ ನಿಂತಿತು. ಈಗ ಬಂದವರೆಲ್ಲ ದನಿ ತಗ್ಗಿಸಿ ಕೇಳುವುದು ಒಂದೇ: “ಅಲ್ಲಿ ಬಿಸಿಲು ಬಂತಾ ನೀಲಕ್ಕ?” ಮೊದಮೊದಲು ಅವಳೂ ಅದಕ್ಕೇ ಹರಕೆ ಹೊತ್ತಳು. ಊರೆಲ್ಲ ಮಳೆಗೆ ಆಕಾಶ ನೋಡುವಾಗ ಅವಳೊಬ್ಬಳು ಬಿಸಿಲಿಗೆ ಬೇಡಿದಳು. ಇಲ್ಲಿಯ ಹಾಳು ಬಿಸಿಲಿನಲ್ಲಿ ಒಂದು ಹಿಡಿ ಅಲ್ಲಿಗೆ ಹೋಗಬಾರದೇ ಎಂದು ಒಲೆಯ ಮುಂದೆ ಕೂತು ಒಬ್ಬಳೇ ಗೊಣಗಿದಳು. ಒಂದು ದಿನ ಸಾಂಬಾರು ತಳ ಹಿಡಿಯುತ್ತಿದ್ದಾಗ ಅವಳಿಗೆ ತಟ್ಟಿತು: ಬಿಸಿಲು ಬಂದರೆ ಮಂಜು ಹೋಗುತ್ತದೆ. ಮಂಜು ಹೋದರೆ ಬಾಯಿ ತೆರೆಯುತ್ತದೆ. ತೆರೆದ ಬಾಯಿಯಿಂದ ಏನು ಹೊರಗೆ ಬರುತ್ತದೆ? ಅಲ್ಲಿಯ ತನಕವಾದರೂ ಉದಯ ಒಳಗೆ ಬೆಚ್ಚಗೆ ಕೂತಿದ್ದಾನೆ. ಬೈರಾಸು ತಲೆಗೆ ಕಟ್ಟಿದ್ದಾನೆ.

ಅಂದಿನಿಂದ ಅವಳು ಹರಕೆಯನ್ನು ತಿರುಗಿಸಿದಳು. ಬಿಸಿಲು ಬರದಿರಲಿ. ಇನ್ನೂ ಬೀಳಲಿ.

ಪತ್ತನಾಜೆ ಕಳೆದು ಒಂದು ಮಧ್ಯಾಹ್ನ ಆಕಾಶ ಕಪ್ಪಾಯಿತು. ಮೊದಲು ಗಾಳಿ, ಹಿಂದೆಯೇ ಮಳೆ. ಇಡೀ ಸವಣೂರು ಪೇಟೆ ರಸ್ತೆಗಿಳಿಯಿತು. ಮೂಸಕುಂಞಿ ಟೋಪಿ ತೆಗೆದು ಬೋಳುತಲೆಗೆ ಮಳೆ ಹಿಡಿದು, “ಪುತ್ತೂರಿಗೂ ಬಂತಂತೆ, ಕಡಬಕ್ಕೂ ಬಂತಂತೆ!” ಎಂದು ಕೂಗಿದ. ಕ್ಯಾಂಟೀನಿನ ಶೀಟಿನ ಮೇಲೆ ನೀರು ಬಡಿಯುವ ಸದ್ದಿನಲ್ಲಿ ಫೋನು ಹೊಡೆದುಕೊಂಡದ್ದು ನೀಲಾವತಿಗೆ ತಡವಾಗಿ ಕೇಳಿತು.

ಕೃಷ್ಣಮೋಹನ. ಅವನ ದನಿ ಮತ್ತೆ ಮರ್ಯಾದೆ ತೊಟ್ಟುಕೊಂಡಿತ್ತು.

“ಅಕ್ಕ... ಅಲ್ಲಿ ಬಿಸಿಲು ಬಂದಿದೆ.”

ನೀಲಾವತಿ ಬಾಗಿಲಿನ ಹೊರಗೆ ನೋಡಿದಳು. ಸುರಿಯುವ ನೀರಿನಾಚೆ ಏನೂ ಕಾಣುತ್ತಿರಲಿಲ್ಲ. ಎಷ್ಟೋ ಸಂಜೆಗಳಿಂದ ಈ ಮಾತಿಗೆ ಉತ್ತರ ಕೊಟ್ಟು ರೂಢಿಯಾದ ನಾಲಗೆ ಅವಳನ್ನು ಕೇಳದೆಯೇ ಆಡಿತು.

“ಹೌದಾ? ಇಲ್ಲಿ ಮಳೆ.”