ಭಜನೆಯ ಆಂಪ್ಲಿಫೈಯರು

ಕೆನಡಾದ ಥಾರ್ನ್‌ಹಿಲ್‌ನಲ್ಲಿ ವೇಣುಗೋಪಾಲರ ಬೇಸ್‌ಮೆಂಟಿನಲ್ಲಿ ಶನಿವಾರದ ಭಜನೆಗೆ ಮೈಕು ಜೋಡಿಸುತ್ತಿದ್ದುದು ಒಂದು ಹಳೆಯ ಪೆಟ್ಟಿಗೆಗೆ. ಅದರ ಮೇಲೆ ರೇಷ್ಮೆ ವಸ್ತ್ರ, ವಸ್ತ್ರದ ಮೇಲೆ ಮಂಗಳಾರತಿ ತಟ್ಟೆ. ಒಮ್ಮೆ ವಸ್ತ್ರ ಜಾರಿದಾಗ ಅದು ಹಳೇ ರೇಡಿಯೋಗಳಂತೆ ವಾಲ್ವಿನ ಗಿಟಾರ್ ಆಂಪ್ಲಿಫೈಯರು ಎಂದು ಭಜನೆಗೆ ಬರುತ್ತಿದ್ದ ಸುಧನ್ವನಿಗೆ ಗೊತ್ತಾಯಿತು.

"ಈ ಮನೆ ಹಳೇ ಓನರ್ ಬಿಟ್ಟುಹೋಗಿದ್ದು ಕಣಯ್ಯಾ," ಎಂದರು ವೇಣುಗೋಪಾಲರು. "ವಾಲ್ಯೂಮ್ ಎರಡಕ್ಕಿಂತ ಮೇಲೆ ಇಟ್ರೆ ವಾಯ್ಸ್ ಒಡೆಯುತ್ತೆ. ಭಜನೆ ಹೋಗಿ ಜಗಳ ಆಗುತ್ತೆ."

ಸುಧನ್ವ ನ್ಯೂಮಾರ್ಕೆಟ್‌ನ ಬಾಡಿಗೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಗಿಟಾರು ನುಡಿಸುತ್ತಿದ್ದ. ಕೆನಡಾಕ್ಕೆ ಬಂದ ಮೇಲೆ ಅವನು ನುಡಿಸಿದ್ದನ್ನು ಯಾರೂ ಕೇಳಿರಲಿಲ್ಲ. ಒಬ್ಬರಾದರೂ ಕೇಳಲಿ ಎಂಬ ಆಸೆ ಅವನಿಗಿತ್ತು.

ಮುಂದಿನ ಶನಿವಾರ ಗಿಟಾರು ಹೊತ್ತು ಬೇಗನೆ ಬಂದ. ಅದನ್ನು ಪೆಟ್ಟಿಗೆಗೆ ಜೋಡಿಸಿ, ವಾಲ್ಯೂಮು ಏಳಕ್ಕೆ ತಿರುಗಿಸಿ ಒಂದು ತಂತಿ ಮೀಟಿದ. ನಾಗಸ್ವರದವನು ಒಂದೇ ಉಸಿರಿನಲ್ಲಿ ಎಳೆದ ಹಾಗೆ ಸ್ವರ ಒರಟಾಗಿ, ತುಂಬಿಕೊಂಡು, ಉದ್ದಕ್ಕೆ ನಿಂತಿತು. ಲೀಡ್, ಅಂದರೆ ಹಾಡಿನಲ್ಲಿ ಗಿಟಾರೇ ಮುಂದೆ ನಿಂತು ಹಾಡುವ ಭಾಗ, ನುಡಿಸಲು ಅವನು ವರ್ಷಗಟ್ಟಲೆ ಹುಡುಕಿದ್ದ ನಾದ ಅದೇ. ಭಜನೆಗೆ ದೋಷವಾಗಿದ್ದದ್ದು ಗಿಟಾರಿಗೆ ಜೀವವಾಗಿತ್ತು.

ವೇಣುಗೋಪಾಲರ ಹೆಂಡತಿ ವೇದಾ ಕೈ ಒರೆಸಿಕೊಳ್ಳುತ್ತಾ ಕೆಳಗೆ ಬಂದರು.

"ಆಂಟಿ, ಒಂದ್ನಿಮಿಷ ಕೇಳ್ತೀರಾ?"

ಅವರು ಮೆಟ್ಟಿಲ ಮೇಲೆ ಕುಳಿತು ಪೂರ್ತಿ ಕೇಳಿದರು.

"ತುಂಬಾ ಚೆನ್ನಾಗಿ ಬಾರಿಸ್ತೀಯಪ್ಪ. ಆ ಬಾಕ್ಸ್ ಹಾಳು ಮಾಡ್ತಿದೆ ಅಷ್ಟೇ, ಇರು." ಅವರೇ ಎದ್ದುಹೋಗಿ ವಾಲ್ಯೂಮಿನ ಗುಂಡಿಯನ್ನು ಎರಡಕ್ಕೆ ಇಳಿಸಿದರು. "ಈಗ ನುಡಿಸು."

ಸುಧನ್ವ ಅದನ್ನೇ ಮತ್ತೆ ನುಡಿಸಿದ. ಯಾವ ಅಂಗಡಿಯ ಯಾವ ಪೆಟ್ಟಿಗೆಯಲ್ಲೂ ಬರುವಂಥ ಸಪ್ಪೆ ಸದ್ದು ಬಂತು.

"ನೋಡು, ಎಷ್ಟು ಕ್ಲೀನಾಗಿ ಕೇಳಿಸ್ತಿದೆ," ಎಂದು ವೇದಾ ಮನಸಾರೆ ತಲೆದೂಗಿದರು. "ಇನ್ನೊಂದು ನುಡಿಸು."

ಅವನು ಗುಂಡಿ ಮುಟ್ಟದೆ ಇನ್ನೊಂದು ನುಡಿಸಿದ.