ಹಾಲಮ್ಮನ ಹೊಸ್ತಿಲು

"ಅಮ್ಮಾ, ಕುಂಕುಮ ಇಡೋದಿದ್ರೆ ಬೇಗ ಇಡಿ. ಹಳೇ ಸಾಗುವಾನಿ ಇದು, ಹೆಗಲು ಕಿತ್ತು ಬರ್ತಿದೆ," ಎಂದ ಮೇಸ್ತ್ರಿ ಹಾಲೇಶ್. ಬಾಗಿಲ ಚೌಕಟ್ಟಿನ ಆಚೆ ಬದಿ ಹಿಡಿದಿದ್ದ ಆಳು ನಕ್ಕ. ಜಗದಾಂಬಾ ನಗಲಿಲ್ಲ. ವಿನೋಬನಗರದ ಆ ನಿವೇಶನದಲ್ಲಿ, ಅರ್ಧ ಎದ್ದ ಮಣ್ಣಿಟ್ಟಿಗೆಯ ಗೋಡೆಗಳ ನಡುವೆ, ಪೂಜೆಯ ತಟ್ಟೆ ಹಿಡಿದು ನಿಂತ ಆ ಹಿರಿಯ ಹೆಂಗಸಿನ ಕಣ್ಣು ಹೊಸ್ತಿಲ ಮೇಲೆ ನೆಟ್ಟಿತ್ತು. ಅದರ ನಡುಭಾಗ ಸವೆದು ತಗ್ಗಾಗಿತ್ತು.

"ಯಾರ ಮನೇದಪ್ಪ ಇದು?"

ಕೇಳಿದ್ದು ಮನೆ ಕಟ್ಟುತ್ತಿದ್ದ ಎಂಜಿನಿಯರ್ ಚಂದ್ರಹಾಸನನ್ನು. ಉತ್ತರ ಕೊಟ್ಟವನು ಜಗದಾಂಬಾರ ಮಗ ವೀರೇಂದ್ರ. "ಹೇಳಿದ್ನಲ್ಲಮ್ಮ, ಭದ್ರಾವತಿ ನ್ಯೂ ಟೌನಲ್ಲಿ ಕೆಡವಿದ ಕ್ವಾರ್ಟರ್ಸ್‌ದು. ಚಂದ್ರಹಾಸ ಅವರದೇ ಮನೆ. ಹೊಸ ಮರ ಕಡಿಸೋದು ಬೇಡ ಅಂತ."

"ಮರ ಬೇಡ ಅಂದೆ, ಸಿಮೆಂಟು ಬೇಡ ಅಂದೆ, ಗೋಡೆಗೆ ಗಾರೆನೂ ಬೇಡ ಅಂದೆ. ನೆಂಟರು ಬಂದು, ದುಡ್ಡು ಸಾಲ್ದೆ ಹೋಯ್ತಾ ಅಂತ ಕೇಳ್ತಾರೆ. ಎಲ್ಲಕ್ಕೂ ಹೂಂ ಅಂದೆ ನಾನು. ಬಾಗಿಲು ಹಂಗಲ್ಲ ಮಾರಾಯ. ಇನ್ನೊಬ್ಬರ ಬಾಗಿಲು ನಮ್ಮ ಮನೆಗೆ ಬರ್ಬೇಕಾದ್ರೆ ಅದು ಏನೇನು ನೋಡಿದೆ ಅಂತ ತಿಳ್ಕೋಬೇಕು."

ಕಲ್ಲಿನ ರಾಶಿಯ ಮೇಲೆ ಕುಳಿತಿದ್ದ ಓಬಯ್ಯ, ಚಂದ್ರಹಾಸನ ತಂದೆ, ಮೆಲ್ಲಗೆ ಎದ್ದು ನಿಂತ.

ಕಾರ್ಖಾನೆಯ ಕುಲುಮೆಯೆದುರು ಆಯುಷ್ಯ ಸವೆಸಿದ ಅವನ ಬಾಳಿನ ಬಹುಪಾಲು ಆ ಬಾಗಿಲಿನ ಒಳಗೇ ನಡೆದಿತ್ತು. ಪಾಳಿ ಮುಗಿಸಿ ಅವನು ಬರುವ ಹೊತ್ತಿಗೆ ಹೆಂಡತಿ ಹಾಲಮ್ಮ ಚೌಕಟ್ಟಿನ ಬಲಮಗ್ಗುಲಿಗೆ ತಲೆಯಾನಿಸಿ ಕಾಯುತ್ತಿದ್ದಳು. ಹರಳೆಣ್ಣೆ ಹಚ್ಚಿದ ಅವಳ ತಲೆ ತಾಗಿ ತಾಗಿ ಮರದ ಮೇಲೆ ಅಂಗೈಯಗಲದ ಕಪ್ಪು ಕಲೆ ಉಳಿದಿತ್ತು. ಬಡಗಿ ಅದನ್ನು ಉಜ್ಜಿ ತೆಗೆಯಹೊರಟಾಗ "ಇರ್ಲಿ ಬಿಡಪ್ಪ" ಎಂದು ತಡೆದವನು ಓಬಯ್ಯನೇ. ಹೋದ ವರ್ಷ ಒಳಗೇ ತೀರಿಕೊಂಡ ಅವಳನ್ನು ಅದೇ ಬಾಗಿಲಿನಿಂದ ಹೊತ್ತು ಹೊರಗೆ ತಂದಿದ್ದರು.

ಕ್ವಾರ್ಟರ್ಸಿನ ಸಾಲು ಕೆಡವಿದ ದಿನ ಯಂತ್ರದ ಬಾಯಿಂದ ಬಾಗಿಲನ್ನು ಬಿಡಿಸಿ ತಂದ ಚಂದ್ರಹಾಸ ಹೇಳಿದ್ದ: "ಒಂದು ಮನೆ ಏಳ್ಬೇಕಾದ್ರೆ ಎಲ್ಲೋ ಒಂದು ಹೊಳೆ ಮರಳು ಕಳ್ಕೊಳುತ್ತೆ, ಒಂದು ಗುಡ್ಡ ಕರಗುತ್ತೆ. ಕೆಡವಿದ್ದನ್ನೆಲ್ಲ ತಗೊಂಡು ಹೋಗಿ ಕೆರೆಗೆ ಸುರೀತಾರೆ. ಈ ಬಾಗ್ಲಿಗೆ ಇನ್ನೂ ನೂರು ವರ್ಷ ಆಯುಷ್ಯ ಇದೆ ಅಪ್ಪ. ಜನ ಬಾಳೋ ಮನೇಲಿ ನಿಲ್ಲಿಸ್ತೀನಿ." ಓಬಯ್ಯನಿಗೆ ಅಷ್ಟು ಸಾಕಾಗಿತ್ತು. ತಂದೆ ಮಗ ಈಗಿದ್ದ ಬಾಡಿಗೆ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇಲ್ಲಿ ಬೇಡವೆಂದರೆ ಅದು ಸೌದೆಯಾಗಬೇಕು. ಬಾಗಿಲಷ್ಟೇ ಏಕೆ, ಒಳಗೋಡೆಯ ಇಟ್ಟಿಗೆ, ಮಾಡಿಗೆ ತಂದಿಟ್ಟ ಹಂಚು, ಎಲ್ಲವೂ ಅದೇ ಸಾಲಿನವು. ಒಂದನ್ನು ಒಲ್ಲೆನೆಂದ ಮೇಲೆ ಉಳಿದವನ್ನು ಯಾರು ಒಪ್ಪುತ್ತಾರೆ? ಮಗ ಕಟ್ಟುತ್ತಿರುವ ಮೊದಲ ಮನೆ ಅರ್ಧಕ್ಕೇ ನಿಲ್ಲುತ್ತದೆ.

ಚಂದ್ರಹಾಸ ಏನೋ ಹೇಳಹೊರಟ. ಜಗದಾಂಬಾ ಕೈಯೆತ್ತಿ ತಡೆದರು. "ನೀನು ಸುಮ್ನಿರಪ್ಪ, ನೀನು ನಿನ್ನ ಕೆಲಸದ ಮಾತು ಹೇಳ್ತೀಯ. ಹಿರಿಯರು ಹೇಳ್ಲಿ." ಓಬಯ್ಯನತ್ತ ತಿರುಗಿದರು. "ನೋಡಿ, ನಿಮ್ಮ ಮಾತು ನಾನು ನಂಬ್ತೀನಿ. ಆ ಮನೇಲಿ ಸಾವು ಆಗಿತ್ತಾ?"

ಚಂದ್ರಹಾಸ ಗೋಡೆಯ ನೇರ ನೋಡುವ ತೂಕದ ಗುಂಡಿನ ದಾರವನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದ.

"ಇಲ್ಲ ತಾಯಿ," ಎಂದ ಓಬಯ್ಯ.

"ನಿಮ್ಮ ಮನೆಯವರು?"

"ಇದಾಳೆ. ಮನೇಲಿದಾಳೆ."

ಜಗದಾಂಬಾರ ಮುಖ ಅರಳಿತು. "ಅಯ್ಯೋ ಪುಣ್ಯಾತ್ಮರೇ, ಇಷ್ಟು ಹೇಳೋಕೆ ಹಿಂಗೆ ಬೆವರೋದಾ!" ಎನ್ನುತ್ತ ಬಾಗಿ ಚೌಕಟ್ಟಿಗೆ ಕುಂಕುಮವಿಟ್ಟರು. "ಗೃಹಪ್ರವೇಶಕ್ಕೆ ಅವರನ್ನ ಕರ್ಕೊಂಡು ಬರ್ಲೇಬೇಕು. ಇಷ್ಟು ವರ್ಷ ಈ ಹೊಸ್ತಿಲು ತೊಳೆದಿದ್ದು ಅವರ ಕೈ. ಅವತ್ತಿನ ಹೊಸ್ತಿಲು ಪೂಜೆ ಅದೇ ಕೈಯಿಂದ ಆಗ್ಲಿ."

ಹಾಲೇಶ್ ಉಸ್ಸೆಂದು ಚೌಕಟ್ಟನ್ನು ಇಳಿಸಿದ. ಬಾಗಿಲು ನಿಂತಿತು.

ಬೈಕಿನಲ್ಲಿ ಭದ್ರಾವತಿಗೆ ಹಿಂದಿರುಗುವಾಗ, ಮಾಚೇನಹಳ್ಳಿ ದಾಟಿದ ಮೇಲೆ ಚಂದ್ರಹಾಸ ಬಾಯಿಬಿಟ್ಟ.

"ಅಪ್ಪ, ನಾನೇ ಹೇಳ್ತಿದ್ದೆ."

"ಏನಂತ ಹೇಳ್ತಿದ್ದೆ?"

ಚಂದ್ರಹಾಸ ಬೈಕಿನ ವೇಗ ಹೆಚ್ಚಿಸಿದ. ಗಾಳಿಗೆ ಉಬ್ಬುತ್ತಿದ್ದ ಅವನ ಅಂಗಿಯನ್ನು ಓಬಯ್ಯ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಆ ಸಂಜೆ ಅವನು ಹಾಲಮ್ಮನ ಪಟಕ್ಕೆ ಹೂವಿಡಲಿಲ್ಲ, ಮಗನೇ ಇಟ್ಟ.

ಮಳೆಗಾಲ ಕಳೆದು ಗೃಹಪ್ರವೇಶವಾಯಿತು. ಗಾರೆಯಿಲ್ಲದ ಕೆಂಪು ಗೋಡೆಗಳನ್ನು ನೆಂಟರು ಸವರಿ ನೋಡುತ್ತಿದ್ದರು. "ಫ್ಯಾನಿಲ್ದೆ ತಂಪಾಗಿದೆಯಲ್ಲೇ!" ಎಂದು ಒಬ್ಬಾಕೆ ಬೆರಗಾದರೆ, "ಬಣ್ಣದ ದುಡ್ಡೂ ಉಳೀತು, ಊಟಕ್ಕೆ ಇನ್ನೊಂದು ಸಿಹಿ ಮಾಡಿಸ್ಬಹುದಿತ್ತು" ಎಂದು ಇನ್ನೊಬ್ಬಾಕೆ ಕುಟುಕಿದಳು. ಚಂದ್ರಹಾಸನನ್ನು ಜನ ಸುತ್ತುವರಿದಿದ್ದರು. ಒಂಟಿಯಾಗಿ ಬಂದ ಓಬಯ್ಯನನ್ನು ಕಂಡು ಜಗದಾಂಬಾ ದಾರಿಯತ್ತ ಇಣುಕಿದರು.

"ಎಲ್ಲಿ ಅವರು?"

"ಜ್ವರ ತಾಯಿ."

"ಛೆ! ಅವರಿಗೋಸ್ಕರ ಪೂಜೆ ತಡೆದು ನಿಲ್ಲಿಸಿದ್ದೆ." ಬಳಿಕ ಸೊಸೆ ಸುಮನಾಳನ್ನು ಕರೆದರು. ಅವಳು ಹೊಸ್ತಿಲ ತಗ್ಗಿಗೆ ಅರಿಶಿನ ತುಂಬಿ ಹೂವಿಟ್ಟಳು.

ಊಟ ಮುಗಿಸಿ ಹೊರಟ ಓಬಯ್ಯನನ್ನು ಜಗದಾಂಬಾ ಅಂಗಳದಲ್ಲಿ ತಡೆದರು. ಕೈಯಲ್ಲೊಂದು ಚೀಲ, ಅದರಲ್ಲಿ ತೆಂಗಿನಕಾಯಿ, ಕುಪ್ಪಸದ ಕಣ, ಕುಂಕುಮ, ಕಾಗದದಲ್ಲಿ ಸುತ್ತಿದ ಹಸಿರು ಗಾಜಿನ ಬಳೆ.

"ಬಳೆ ಅಳತೆ ಗೊತ್ತಿರ್ಲಿಲ್ಲ, ಸುಮನಾ ಕೈಗೆ ಆಗೋದೇ ತಂದೆ. ಅವರ ಕೈ ದಪ್ಪಾನಾ?"

ಓಬಯ್ಯ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ.

"ಇಲ್ಲ ತಾಯಿ. ಸಣ್ಣ ಕೈ."

"ಹಂಗಾದ್ರೆ ಆಗುತ್ತೆ. ಹುಷಾರಾದ ಮೇಲೆ ಕರ್ಕೊಂಡು ಬನ್ನಿ. ಅವರದೇ ಬಾಗಿಲಲ್ವಾ."

"ಹೂಂ ತಾಯಿ."

ಗೇಟಿನ ಬಳಿ ತಿರುಗಿ ನೋಡಿದ. ನೆಂಟರನ್ನು ಬೀಳ್ಕೊಟ್ಟು ದಣಿದ ಸುಮನಾ ಚೌಕಟ್ಟಿನ ಬಲಮಗ್ಗುಲಿಗೆ ತಲೆಯಾನಿಸಿ ನಿಂತಿದ್ದಳು.

ಭದ್ರಾವತಿಯ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ರಸ್ತೆಯ ಗುಂಡಿಗಳಲ್ಲಿ ಬಸ್ಸು ಎದ್ದು ಬಿದ್ದಾಗಲೆಲ್ಲ ಬಳೆಗಳು ಸದ್ದು ಮಾಡಿದವು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಓಬಯ್ಯ ಕಾಗದದ ಸುರುಳಿಯನ್ನು ಹೊರತೆಗೆದು ಎರಡು ಅಂಗೈಗಳ ನಡುವೆ ಹಿಡಿದುಕೊಂಡ. ಮುಂದೆ ಗುಂಡಿ ಬಂತೆಂದರೆ ಸಾಕು, ಕೈಗಳನ್ನು ತೊಡೆಯಿಂದ ತುಸು ಮೇಲಕ್ಕೆತ್ತುತ್ತಿದ್ದ.